ಇನ್ನೂರ ಹದಿನಾಲ್ಕನೆಯ ಬಿಲ್ಲೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಸಂಜೆ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಹತ್ತಿಯ ಧೂಳು ಬಿಟ್ಟು ಮೂವತ್ತು ವರ್ಷವಾದರೂ ಅದು ನಿನ್ನನ್ನು ಬಿಡಲಿಲ್ಲವಲ್ಲ. ಬಿಸಿನೀರು ಕುಡಿ, ಸಿಗರೇಟಿನ ಸಹವಾಸ ಸಾಕು. ಅಮ್ಮ ಚೆನ್ನಾಗಿದ್ದಾಳೆ. ಕಿವಿ ಮಂದವಾಗಿದೆ, ನಾಲಿಗೆ ಮೊದಲಿನಷ್ಟೇ ಚುರುಕು. ಮೊನ್ನೆ ನಾನು ಕ್ಯಾಮೆರಾ ಹೆಗಲಿಗೇರಿಸಿದಾಗ, "ಹಾಳು ಗೋಡೆ ಫೋಟೋ ತೆಗೆಯೋಕೆ ಎಂ.ಎ. ಬೇರೆ ಮಾಡ್ಬೇಕಿತ್ತಾ?" ಅಂದಳು.

ಹೌದು, ಗಿರಣಿಗೆ ಹೋಗಿದ್ದೆ. ಮುಂದಿನ ತಿಂಗಳು ಕೆಡವುತ್ತಾರಂತೆ. ಕಾವಲುಗಾರ ಬೀಗ ತೆಗೆದು, "ಬೇಗ ಮುಗ್ಸಿ ಅಕ್ಕಾ, ಒಳಗಿರೋರಿಗೆ ಫೋಟೋ ಅಂದ್ರೆ ಆಗಲ್ಲ" ಎಂದು ನಕ್ಕ. ನಾನೂ ನಕ್ಕೆ, ನೂಲುವ ವಿಭಾಗದ ಬಾಗಿಲು ದಾಟುವವರೆಗೆ. ಛಾವಣಿ ಅರ್ಧ ಇಲ್ಲ. ಯಂತ್ರಗಳು ಎಂದೋ ಗುಜರಿಗೆ ಹೋಗಿವೆ. ನೆಲದಲ್ಲಿ ಅವುಗಳ ಕಾಲಿನ ಗುರುತು ಮಾತ್ರ, ಸಾಲು ಸಾಲಾಗಿ. ಆಳೆತ್ತರಕ್ಕೂ ಮೇಲೆ ಗೋಡೆ ಇನ್ನೂ ಕಪ್ಪು. ನಾನು ಗುಂಡಿ ಒತ್ತುವ ಪ್ರತಿ ಸಲವೂ, ಚಿತ್ರಕ್ಕೆ ಅಡ್ಡ ಬರಬಾರದೆಂದು ಯಾರೋ ಪಕ್ಕಕ್ಕೆ ಸರಿದಂತಾಗುತ್ತಿತ್ತು. ಇಲ್ಲಿ ಮೇಸ್ತ್ರಿಯಾಗಿ ಯಂತ್ರದ ಸದ್ದಿಗೆ ಒಗ್ಗಿದ ಅಪ್ಪ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರಲ್ಲ, ಅಷ್ಟು ದೊಡ್ಡ ಜಾಗದಲ್ಲಿ ಅವರ ಒಂದು ಕೂಗೂ ಉಳಿದಿಲ್ಲ.

ಆ ದಿನದ ಮಾತನ್ನು ನಾವಿಬ್ಬರೂ ಯಾವ ಪತ್ರದಲ್ಲೂ ಎತ್ತಿಲ್ಲ. ಹಾಜರಿಗೆಂದು ಗೇಟಿನಲ್ಲಿ ತೂಗುಹಾಕುವ ನಿನ್ನ ನಂಬರಿನ ಬಿಲ್ಲೆಯನ್ನು 'ಒಳಗೆ' ಎಂಬ ಹಲಗೆಯ ಮೇಲೇ ಬಿಟ್ಟು, ಗೋಡೆ ಹಾರಿ, ನೀನು ಮಧ್ಯಾಹ್ನದ ಸಿನಿಮಾಕ್ಕೆ ಹೋಗಿದ್ದೆ. ಬೆಂಕಿ ಬಿತ್ತು. ಮಗನನ್ನು ಹುಡುಕಿಕೊಂಡು ಮೇಸ್ತ್ರಿ ಒಳಗೆ ನುಗ್ಗಿದರು, ಹೊರಗೆ ಬರಲಿಲ್ಲ ಎಂದು ಎಲ್ಲರೂ ಹೇಳಿದರು. ವಾರದೊಳಗೆ ನೀನು ಚೀಲ ಹಿಡಿದು ಹೊರಟೆ. ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ.

ಗೇಟಿನ ಕೋಣೆಗೆ ಬೆಂಕಿ ತಾಗಿರಲಿಲ್ಲ. 'ಒಳಗೆ', 'ಹೊರಗೆ', ಎರಡೂ ಹಲಗೆಗಳು ಹಾಗೇ ಇವೆ. ತಗಡಿನ ಬಿಲ್ಲೆಗಳನ್ನು ಕದಿಯುವುದಕ್ಕೂ ಯಾರಿಗೂ ಮನಸ್ಸಾಗಿಲ್ಲ. ಅಪ್ಪನ ಪದ್ಧತಿ ನೆನಪಿದೆಯಾ? ಯಾರಾದರೂ ಗೋಡೆ ಹಾರಿದ್ದು ಕಂಡರೆ ಸಾಹೇಬರಿಗೆ ಹೇಳುತ್ತಿರಲಿಲ್ಲ. ತಾವೇ ಆ ಬಿಲ್ಲೆಯನ್ನು 'ಹೊರಗೆ' ಹಲಗೆಗೆ ಹಾಕಿ, ಕೆಂಪು ನೂಲಿನ ಗಂಟು ಕಟ್ಟುತ್ತಿದ್ದರು. "ನಾಳೆ ಬೈಯೋಕೆ ನೆನಪಿರ್ಲಿ" ಅನ್ನುತ್ತಿದ್ದರು. ಬೈದಾದ ಮೇಲೆ ಬಿಚ್ಚುತ್ತಿದ್ದರು.

ಫೋಟೋಗಳನ್ನು ಜೊತೆಗಿಟ್ಟಿದ್ದೇನೆ. ಅಮ್ಮನ ಆಶೀರ್ವಾದ, ಅದರ ಜೊತೆಗೆ ಎಂದಿನ ಗೊಣಗಾಟ. ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ
ಪುಸ್ತಕದ ಹುಳ

ತಾ.ಕ.: ಏಳನೇ ಫೋಟೋವನ್ನು ಕನ್ನಡಕ ಹಾಕಿಕೊಂಡು ನೋಡು. 'ಹೊರಗೆ' ಹಲಗೆ, ಕೆಳಗಿನ ಸಾಲು, ೨೧೪. ನಿನ್ನದೇ. ಗಂಟಿನ ಬಣ್ಣ ಹೋಗಿದೆ, ಗಂಟು ಹೋಗಿಲ್ಲ. ನೀನು ಒಳಗಿಲ್ಲವೆಂದು ಅಪ್ಪನಿಗೆ ಗೊತ್ತಿತ್ತು ಅಣ್ಣಾ. ಅವರು ನುಗ್ಗಿದ್ದು ಒಳಗೆ ಸಿಕ್ಕಿಬಿದ್ದಿದ್ದ ಉಳಿದವರಿಗಾಗಿ. ಕೆಡವುವ ಮುಂಚೆ ಬಂದುಬಿಡು. ಗಂಟನ್ನು ನಾನು ಮುಟ್ಟಿಲ್ಲ. ಆ ಬೈಗುಳ ಇನ್ನೂ ನಿನಗೆ ಬರಬೇಕಾಗಿದೆ.