ಲಿಫ್ಟಿನೊಳಗಿನ ಕೋಳಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಗಣ್ಯರಾಗಲು ಹೊರಟು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುವ ಮಹನೀಯರೇ, ಮತ್ತು ಭಾಷಣದ ನಂತರ ಉಪ್ಪಿಟ್ಟು ಇದೆ ಎಂಬ ಒಂದೇ ಭರವಸೆಯ ಮೇಲೆ ಕುಳಿತಿರುವ ಸಮಸ್ತ ಕನ್ನಡ ಬಾಂಧವರೇ...

ನೀಲಕ್ಕಾ, ಇಷ್ಟು ಬರೆದು ಪೆನ್ನು ನಿಂತಿತು. ಬರುವ ಭಾನುವಾರಕ್ಕೆ ನೀವು ಹೋಗಿ ಒಂದು ವರ್ಷ. ಸೌತ್‌ಹಾಲ್‌ನಲ್ಲಿ ಹಾಲ್ ಹಿಡಿದಿದ್ದಾರೆ. ನಿಮ್ಮ ಮಗ ಫೋನ್ ಮಾಡಿದ್ದ. "ಅಂಕಲ್, ಆ ಹೆನ್ ಸ್ಟೋರಿ ಇನ್ನೊಂದ್ ಸಲ ಹೇಳ್ತೀರಾ ಪ್ಲೀಸ್? ಮಮ್ಮಿ ಲವ್ಡ್ ಇಟ್." ಕಥೆಯ ಕೊನೆಯ ಪುಟದ ಜೆರಾಕ್ಸ್ ಕೂಡ ಬೇಕಂತೆ. ಫ್ರೇಮ್ ಹಾಕಿಸಿ ನಿಮ್ಮ ಫೋಟೊದ ಪಕ್ಕ ಇಡುತ್ತಾನಂತೆ. ಹಾಗಾಗಿ ಶಾಲೆಯ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ನಮ್ಮ ಹಳೆಯ ಕೋಣೆಯಲ್ಲಿ, ಜೆರಾಕ್ಸ್ ಮೆಷಿನ್ನಿನ ಪಕ್ಕದ ಅದೇ ಗಿಡ್ಡ ಕುರ್ಚಿಯಲ್ಲಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕುಳಿತಿದ್ದೇನೆ. ಮೆಷಿನ್ನಿನ ಮುಚ್ಚಳ ತೆಗೆದಿಟ್ಟು ಅರ್ಧ ಗಂಟೆಯಾಯಿತು. ಪುಟ ಇಡಲು ಕೈ ಬರುತ್ತಿಲ್ಲ.

ಈ ಕೋಣೆಯಲ್ಲಿ ನಿಮ್ಮನ್ನು ಮೊದಲು ಕಂಡ ದಿನ ನೆನಪಿದೆ. ಹೆಂಡತಿಯ ನರ್ಸ್ ಕೆಲಸದ ವೀಸಾದ ಬಾಲ ಹಿಡಿದು ಲಂಡನ್ನಿಗೆ ಬಂದವನು ನಾನು, ತುಮಕೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನು. ಅಂಥವನಿಗೆ ಗ್ರೀನ್‌ಫರ್ಡ್‌ನ ಶಾಲೆಯಲ್ಲಿ ಇಂಗ್ಲಿಷ್ ಬಾರದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಥೆ ಬರೆಯಲು ಕಲಿಸುವ ಸಹಾಯಕನ ಕೆಲಸ! ಕುರುಡನಿಗೆ ದಾರಿ ತೋರಿಸಲು ಮೆಳ್ಳಗಣ್ಣಿನವನನ್ನು ಇಟ್ಟ ಹಾಗೆ ಅಂದೆ. ಇದೇ ಕೆಲಸದಲ್ಲಿ ಹಳಬರಾಗಿದ್ದ ನೀವು ಊಟದ ಡಬ್ಬಿಯಿಂದ ರೊಟ್ಟಿ ಮುರಿಯುತ್ತ ತಲೆಯೆತ್ತಲಿಲ್ಲ. "ಮೆಳ್ಳಗಣ್ಣಿಗೆ ಎರಡೆರಡು ದಾರಿ ಕಾಣ್ತಾವ. ಛಲೋನೇ ಆತು. ಕುಂಡ್ರು ತಮ್ಮಾ." ಆಮೇಲೆ ನನ್ನ ಪ್ರಾಸದ ಚಟ ಗೊತ್ತಾದಾಗ ಅದಕ್ಕೂ ಒಂದು ಕೊಟ್ಟಿರಿ: "ನಿನ್ನ ಬಾಯಾಗ ಪ್ರಾಸ, ನನ್ನ ತಲಿಗೆ ತ್ರಾಸ." ಕಲಬುರ್ಗಿಯವರಿಗೆ ಪ್ರಾಸ ಬರುವುದಿಲ್ಲ ಎಂದು ಯಾರು ಹೇಳಿದರು?

ಮೊದಲ ತಿಂಗಳಲ್ಲೇ ಸಿಕ್ಕಿಬಿದ್ದೆ. ಪೋಲೆಂಡಿನ ಒಂದು ಹುಡುಗಿಯ ಕಥೆ ಕುಂಟುತ್ತಿತ್ತು. ಪಾಪ ಅನ್ನಿಸಿ ನಡುವೆ ಒಂದು ಸಾಲು ನಾನೇ ಸೇರಿಸಿದ್ದೆ. ನೀವು ಕನ್ನಡಕ ಮೂಗಿನ ತುದಿಗೆ ಇಳಿಸಿದಿರಿ.

"ಈ ಸಾಲು ಯಾರದು?"

"ಅವಳದೇ ಅಕ್ಕಾ."

"ಸುಳ್ಳ ಹೇಳಬ್ಯಾಡ. ಎಂಟು ವರ್ಷದ ಕೂಸು 'ಮೀನ್‌ವೈಲ್' ಅಂತ ಬರೀತದೇನು? ನಾ ಇಪ್ಪತ್ತು ವರ್ಷದಾಗ ಒಮ್ಮೀನೂ ಅಂದಿಲ್ಲ."

ರಬ್ಬರ್ ತೆಗೆದು ನನ್ನ ಮುಂದೆ ಇಟ್ಟಿರಿ. "ಅಳಸು. ಹುಡುಗರ ಕಥಿಯೊಳಗ ನಮ್ಮ ಕೈ ಹೋಗಬಾರದು. ಕುಂಟಲಿ, ತೆವಳಲಿ, ನಡುವ ಕೂತು ಅಳಲಿ. ಬ್ಯಾರೆ ಊರಿಗೆ ಬಂದು ಮನಿ ಹೋಗ್ಯದ, ಮಾತು ಹೋಗ್ಯದ. ಇದೊಂದಾದ್ರೂ ಅವರದು ಇರಲಿ." ಅಂದು ಅಳಿಸಿದೆ. ಅಳಿಸಿದ ಜಾಗದಲ್ಲಿ ಕಾಗದ ತೆಳ್ಳಗಾಗಿ ಆಚೆ ಬದಿ ಕಾಣುತ್ತಿತ್ತು.

ನರ್ಗಿಸ್ ಬಂದ ದಿನ ನೀವೇ ಅವಳ ಕೈ ಹಿಡಿದು ತಂದಿರಿ. ಅಫ್ಘಾನಿಸ್ತಾನದ ಹುಡುಗಿ, ಎಂಟು ವರ್ಷ, ಎರಡು ಜಡೆ. ತಾಯಿ, ಇಬ್ಬರು ತಮ್ಮಂದಿರು. ತಂದೆಯ ವಿಷಯ ಕೇಳಬಾರದು ಎಂದು ಆಫೀಸಿನಿಂದ ಚೀಟಿ ಬಂದಿತ್ತು. ಮೂರು ತಿಂಗಳು ಆ ಮಗು ಬಾಯಿ ಬಿಡಲಿಲ್ಲ. ನಾನು ಎಷ್ಟು ಕೋತಿಯಾಟ ಆಡಿದೆ! ಕಾಡಿನಲ್ಲಿ ದಾರಿ ತಪ್ಪಿದ ನರಿಗೆ ದಯಾಳು ಗೂಬೆ ದಾರಿ ತೋರಿಸುವ, ಗೋಡೆಯ ಮೇಲಿನ ಮಾದರಿ ಕಥೆಯನ್ನು ಮಕ್ಕಳೆಲ್ಲ ಕೈಸನ್ನೆ ಮಾಡುತ್ತ ಒಪ್ಪಿಸುವಾಗ ಇವಳು ಮಾತ್ರ ಕಿಟಕಿ ನೋಡುತ್ತಿದ್ದಳು. ನೀವು ಒಂದು ಮಧ್ಯಾಹ್ನ ಕಾಗದದ ಮೇಲೆ ಸುಮ್ಮನೆ ಏನೋ ಗೀಚಿದಿರಿ, ಗೀಚಿದ್ದಕ್ಕೆ ಕೊಕ್ಕು ಇಟ್ಟಿರಿ, ನಿಮ್ಮ ಊರಿನ ಉರ್ದುವಿನಲ್ಲಿ "ಮುರ್ಗಿ" ಅಂದಿರಿ. ಅವಳು ತಿರುಗಿದಳು. "ಮುರ್ಗ್" ಅಂದಳು. ಕಾಗದ ಎಳೆದುಕೊಂಡು, ನೀವು ಮರೆತ ಕಾಲು ಎರಡನ್ನೂ ಬರೆದಳು. ಕಾಲಿಲ್ಲದ ಕೋಳಿ ನೋಡಿ ಸಹಿಸಲಾಗಲಿಲ್ಲವೋ, ಅಥವಾ...

ಅಲ್ಲಿಂದ ಶುರುವಾಯಿತು ಅವಳ ಕಥೆ. ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ, ಮಾದರಿ ಕಥೆಯಲ್ಲಿ ಒಂದೊಂದನ್ನೇ ಬದಲಿಸುವುದು. ನರಿಯ ಜಾಗಕ್ಕೆ ಕೋಳಿ ಬಂತು. ಕಾಡಿನ ಜಾಗಕ್ಕೆ ಏನು ಬರಲಿ ಅಂದರೆ, ಅವಳು ಒಂದು ಚೌಕ ಬರೆದು ಪಕ್ಕದಲ್ಲಿ ಎರಡು ಬಾಣ ಹಾಕಿದಳು, ಮೇಲಕ್ಕೊಂದು, ಕೆಳಕ್ಕೊಂದು. ಲಿಫ್ಟು. ಕೌನ್ಸಿಲ್ ಅವರಿಗೆ ತಾತ್ಕಾಲಿಕ ಎಂದು ಕೊಟ್ಟಿದ್ದ ಒಂದೇ ಕೋಣೆ ಏಳನೇ ಮಹಡಿಯಲ್ಲಿತ್ತು. "ಕೌನ್ಸಿಲ್ ಕಟ್ಟಡದ ಲಿಫ್ಟು, ದಿನಕ್ಕೊಂದೇ ಶಿಫ್ಟು" ಎಂದು ನಾನು ಪ್ರಾಸ ಕಟ್ಟಿ ಒಬ್ಬನೇ ನಕ್ಕೆ. ನೀವು ನಗಲಿಲ್ಲ. ಅವಳು ಬರೆದಳು: ಕೋಳಿ ಲಿಫ್ಟಿನೊಳಗೆ ಹೋಯಿತು. ಬಾಗಿಲು ಮುಚ್ಚಿತು. ಲಿಫ್ಟು ನಿಂತಿತು.

ಮರುದಿನ ಇನ್ನೊಂದು ಸಾಲು: ದೀಪ ಹೋಯಿತು. ಅದರ ಮರುದಿನ: ಹೊರಗೆ ಜನ ಮಾತಾಡುತ್ತಾರೆ, ಕೋಳಿಗೆ ತಿಳಿಯುವುದಿಲ್ಲ. ಹೀಗೆ ಎರಡು ವಾರ. ಉಳಿದ ಮಕ್ಕಳ ನರಿಗಳೂ ಡೈನೋಸಾರ್‌ಗಳೂ ಮನೆ ಸೇರಿ ಊಟ ಮಾಡಿ ಮಲಗಿದವು. ಈ ಕೋಳಿ ಮಾತ್ರ ಕತ್ತಲಲ್ಲಿ. ನಮ್ಮ ಕ್ಲಾಸ್ ಟೀಚರ್, ಇಪ್ಪತ್ತಾರರ ಹುಡುಗಿ, ಕೆಟ್ಟವಳಲ್ಲ, ನನ್ನನ್ನು ಕರೆದು ಪ್ರತಿ ಕಥೆಗೂ ಒಂದು ಪರಿಹಾರ ಬೇಕೇಬೇಕು, ಟರ್ಮ್ ಮುಗಿಯುತ್ತದೆ ಎಂದಳು. ನಾನು ಆರಂಭದ ಪದಗಳ ಚೀಟಿಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿಟ್ಟೆ. 'ಸಡನ್ಲಿ' ಎಂಬ ಚೀಟಿಯನ್ನು ನರ್ಗಿಸ್ ತೆಗೆದುಕೊಂಡಳು. 'ಲಕಿಲಿ' ಎಂಬುದನ್ನು ನೋಡಿದಳು, ಏನೆಂದು ಕೇಳಿದಳು. ಅದೃಷ್ಟಕ್ಕೆ ಎಂದು ಹೇಗೋ ಅಭಿನಯಿಸಿ ತೋರಿಸಿದೆ. ಅವಳು ಅದನ್ನು ಮಡಚಿ, ಮರ್ಯಾದೆಯಿಂದ, ವಾಪಸು ಡಬ್ಬಿಗೆ ಹಾಕಿದಳು.

ಅದೇ ವಾರ ನೀವು ರಜೆ ಹಾಕಿದಿರಿ. ಹೊಟ್ಟೆನೋವು ಅಂದಿರಿ, ಗ್ಯಾಸು ಅಂದಿರಿ, ಜಿಪಿ ಡಾಕ್ಟರ್ ಎರಡು ಸಲ ಮಾತ್ರೆ ಕೊಟ್ಟು ಕಳಿಸಿದ ಅಂದಿರಿ. ಕಾಯಿಲೆಯ ನಿಜವಾದ ಹೆಸರನ್ನು ಮಾತ್ರ ನಿಮ್ಮ ಮಗ ಅಂದ. ಆಸ್ಪತ್ರೆ ಸೇರಿದ ಮೇಲೆ ನಿಮ್ಮ ಮೆಸೇಜು ದಿನಾ ಮಧ್ಯಾಹ್ನ ಮೂರೂವರೆಗೆ, ಶಾಲೆ ಬಿಡುವ ಹೊತ್ತಿಗೆ. ಆರೋಗ್ಯ ಹೇಗಿದೆ ಅಂದರೂ ಒಂದೇ ಪ್ರಶ್ನೆ: "ಕೋಳಿ ಹೊರಗ ಬಂತೇನು?" ನಾನು "ಇಲ್ಲ ಅಕ್ಕಾ" ಎನ್ನುತ್ತಿದ್ದೆ. "ಅವಸರ ಮಾಡಬ್ಯಾಡ. ಬಾಗಿಲು ಅಕಿನೇ ತೆಗೀಲಿ." ಒಂದು ದಿನ ಮಾತ್ರ ಆ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಇತ್ತು: "ನಾ ಇರೂದರೊಳಗ ಬರ್ತದಿಲ್ಲೋ?" ಅದಕ್ಕೆ ಏನು ಬರೆಯಬೇಕಿತ್ತು ನಾನು? ಬಿ.ಎ.ಯಲ್ಲಿ ಕಲಿಸಿರಲಿಲ್ಲ.

ಮುಂದಿನ ಮಂಗಳವಾರ ನಾನು ಅವಳ ನೋಟ್‌ಬುಕ್ ಹಿಡಿದು ಆಸ್ಪತ್ರೆಗೆ ಬಂದೆ. ನೀವು ಹಾಸಿಗೆಯಲ್ಲಿ ಎಷ್ಟು ಕಡಿಮೆ ಜಾಗ ಹಿಡಿದಿದ್ದಿರಿ! ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. "ನೀನೇ ಓದು" ಅಂದಿರಿ. ಮೊದಲಿಂದ ಓದಿದೆ, ಚೌಕ, ಬಾಣ, ಕತ್ತಲು, ಜನರ ಮಾತು. ಆಮೇಲೆ ಕೊನೆಯ ಪುಟ. "ಲಕಿಲಿ ಎ ಲೇಡಿ ಕೇಮ್ ವಿತ್ ಎ ಕೀ. ಔಟ್ ವಾಕ್ಡ್ ದ ಹೆನ್, ಹ್ಯಾಪಿ ಅಂಡ್ ಫ್ರೀ."

"ಮತ್ತೊಮ್ಮೆ ಓದು."

ಓದಿದೆ.

"ಪ್ರಾಸ ಛಲೋ ಕೂಡ್ಯದ," ಅಂದಿರಿ. ಕಣ್ಣು ಮುಚ್ಚಿತ್ತು. "ಹುಡುಗಿಗೆ ಪ್ರಾಸ ಯಾವಾಗ ಬಂತೋ ತಮ್ಮಾ?"

"ನನ್ನ ಸಹವಾಸ ಅಕ್ಕಾ."

ನಕ್ಕಿರಿ. ನಗು ಕೆಮ್ಮಾಗಿ, ನರ್ಸ್ ಬಂದು ನೋಡಿ ಹೋದಳು. ನೋಟ್‌ಬುಕ್ಕಿನ ಮೇಲೆ ಕೈ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದಿರಿ. "ಇರಲಿ ಬಿಡು. ಬಂತಲ್ಲ ಹೊರಗ," ಅಂದಿರಿ. ಆ ದನಿಯನ್ನು ಒಂದು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಅದು ಸಂತೋಷವೇ? ಅಥವಾ ರಬ್ಬರ್ ತೆಗೆದಿಡಲು ಕೈಯಲ್ಲಿ ತ್ರಾಣವಿಲ್ಲದೆ... ಶುಕ್ರವಾರ ನಿಮ್ಮ ಮಗನ ಫೋನ್ ಬಂತು. ಸಂತಾಪ ಸಭೆಯಲ್ಲಿ ನನಗೆ ಎರಡು ನಿಮಿಷ ಕೊಟ್ಟರು. ಕೋಳಿಯ ಕಥೆ ಹೇಳಿದೆ. ಎಲ್ಲರೂ ಕಣ್ಣೊರೆಸಿಕೊಂಡರು. ಸಾವಿನ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಮೊದಲ ತುಮಕೂರಿನವನು ನಾನೇ ಇರಬೇಕು.

ಈಗ ನಿಮಗೆ ಹೇಳದ ಸುದ್ದಿ. ನಾನು ಆಸ್ಪತ್ರೆಗೆ ಬರುವ ಹಿಂದಿನ ಗುರುವಾರವೇ ನರ್ಗಿಸ್ ಹೋಗಿದ್ದಳು. ಕೌನ್ಸಿಲ್‌ನವರು ಬೇರೆ ಊರಿನಲ್ಲಿ ಮನೆ ಎಂದರಂತೆ, ಬೆಳಿಗ್ಗೆ ವ್ಯಾನ್ ಬಂತಂತೆ. ಯಾವ ಊರು ಎಂದರೆ ಆಫೀಸಿನವರು ಹೇಳುವಂತಿಲ್ಲ. ಅವಳ ಹೆಸರಿನ ಗೂಟದಲ್ಲಿ ಆಟದ ಬೂಟಿನ ಚೀಲ ತೂಗುತ್ತಿತ್ತು. ಟೀಚರ್ "ಸೋ ಸ್ಯಾಡ್" ಎನ್ನುತ್ತ, ಉಗುರಿನಿಂದ ಹೆಸರಿನ ಚೀಟಿ ಕಿತ್ತಳು. ಸೋಮವಾರ ಇನ್ನೊಂದು ಮಗು ಬರುವುದಿತ್ತು. ಅವಳ ಪುಸ್ತಕಗಳನ್ನು ಹೊಸ ಶಾಲೆಗೆ ಕಳಿಸಬೇಕು, ಕಥೆಯ ನೋಟ್‌ಬುಕ್ ಎಲ್ಲಿ ಎಂದು ಆಫೀಸಿನಿಂದ ಕೇಳಿದರು. ಸಿಗುತ್ತಿಲ್ಲ ಎಂದೆ. ನನ್ನ ಚೀಲದಲ್ಲಿತ್ತು. ಮೂರೂವರೆಗೆ ನಿಮ್ಮ ಮೆಸೇಜು ಬಂತು.

ಆ ಮಗು ಅಲ್ಲೆಲ್ಲೋ ಹೊಸ ಶಾಲೆಯಲ್ಲಿ, ಹೊಸ ಗೋಡೆಯ ಹೊಸ ನರಿಯ ಮುಂದೆ, ಮತ್ತೆ ಬಾಯಿ ಮುಚ್ಚಿ ಕುಳಿತಿದ್ದಾಳೋ ಏನೋ. ಅವಳು ಈ ದೇಶದಲ್ಲಿ ಸಂಪಾದಿಸಿದ ಹದಿನಾಲ್ಕು ಸಾಲು ಒಂದು ವರ್ಷದಿಂದ ನನ್ನ ಬೀರುವಿನಲ್ಲಿವೆ. ಇದೊಂದಾದ್ರೂ ಅವರದು ಇರಲಿ ಅಂದಿದ್ದಿರಿ ನೀವು.

ಭಾನುವಾರ ನಾನು ಭಾಷಣ ಮಾಡುವುದಿಲ್ಲ. ನಿಮ್ಮ ಮಗನ ಎದುರು ಕೂತು ನಿಜ ಹೇಳುತ್ತೇನೆ, ಫ್ರೇಮ್ ಬೇಡ ಎನ್ನುತ್ತೇನೆ. ಸೋಮವಾರ ನೋಟ್‌ಬುಕ್ಕನ್ನು ಆಫೀಸಿಗೆ ಕೊಟ್ಟು, ಸಿಕ್ಕಿತು ಎನ್ನದೆ, ಇಟ್ಟುಕೊಂಡಿದ್ದೆ ಎನ್ನುತ್ತೇನೆ. ಕೊನೆಯ ಪುಟವನ್ನು ಈಗಷ್ಟೇ ಹರಿದೆ. ಎಡಗೈಯಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಬೇಕೆಂದೇ ಎರಡು ಸ್ಪೆಲ್ಲಿಂಗ್ ತಪ್ಪು ಮಾಡಿ ನಾನೇ ಬರೆದ ಪುಟ.

ಬಾಗಿಲು ತೆಗೆದವನು ನಾನು, ಅಕ್ಕಾ. ಕೋಳಿ ಇನ್ನೂ ಒಳಗೇ ಇದೆ.