ಜಲಜ ನಿಲ್ಲಿಸುತ್ತಿದ್ದ ಜಾಗ

ಯಡ್ತರೆ
8-6-2014

ಅನಿಷಾ ಟೀಚರಿಗೆ ಮಹಾಬಲ ಮೊಗವೀರನ ನಮಸ್ಕಾರ.

ಐ ಬೆಗ್ ಟು ಸ್ಟೇಟ್, ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಬಾರಿಸುವ ನಿಮ್ಮ ಆ 'ಸೆವೆನ್ ಶಾರ್ಪ್ ನೈನ್' ಎಂಬ ಜಾಜ್ ಕಾರ್ಡಿನಿಂದ ನನಗೆ ಸಾಕೋ ಸಾಕಾಗಿದೆ. ಯುಕುಲೇಲೆಗೆ ಇರುವುದು ನಾಲ್ಕೇ ತಂತಿ, ಬೆರಳುಗಳು ಮಾತ್ರ ನಾಲ್ಕು ದಿಕ್ಕಿಗೆ ಹೋಗಬೇಕಂತೆ! ಬಲೆ ಎಳೆದೆಳೆದು ಸೆಟೆದ ಕಿರುಬೆರಳು ಬಗ್ಗುವುದೇ ಇಲ್ಲ. ತುಂಡಾದ ತಂತಿಯ ಬದಲು ಅಂಜಲ್ ಮೀನು ಹಿಡಿಯುವ ಬಲೆಯ ತಂಗೂಸಿ ದಾರ ಕಟ್ಟಿ ನೋಡಿದೆ, ಅದು ಇನ್ನೂ ಗೊರಗೊರ ಎನ್ನುತ್ತದೆ. ಪಕ್ಕದ ಮನೆಯ ಬಾಗಿ ಎಂಬವಳು ಬೇಲಿಯಾಚೆಯಿಂದ, "ಹ್ವಾಯ್ ಮಾವ, ಆ ಬೆಕ್ಕಿನ್ ಕುತ್ಗಿ ಬಿಡಿ ಮಾರ್ರೆ!" ಎಂದು ಕೂಗುತ್ತಾಳೆ. ಪ್ರಾಕ್ಟಿಸ್ ಮೇಕ್ಸ್ ದ ಮ್ಯಾನ್ ಅಂತ ಏನೋ ಕಾಲೇಜಿನಲ್ಲಿ ಕಲಿತಿದ್ದೆ, ಮುಂದಿನದು ಮರೆತಿದೆ.

ಅದನ್ನು ಬಿಟ್ಟು ಸುಲಭದ ಕಾರ್ಡ್ ಹಾಕೋಣ ಎಂದಿರಲ್ಲ, ಅದು ಖಂಡಿತ ಬೇಡ. ನಮ್ಮ ಮಗಳು ಜಲಜ ನಿಮ್ಮಲ್ಲಿಗೆ ಕಲಿಯಲು ಬರುತ್ತಿದ್ದಾಗ ಮನೆಯಲ್ಲಿ ಈ ಹಾಡನ್ನು ಆ ಕಾರ್ಡಿನವರೆಗೆ ಬಾರಿಸಿ, "ಥೋ, ಇದ್ ಬತ್ತಿಲ್ಲೆ" ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಅವಳು ತೀರಿಹೋಗುವವರೆಗೂ ಅದು ಬರಲೇ ಇಲ್ಲ. ಆ ಹಾಡು ಅಲ್ಲಿಂದ ಮುಂದೆ ಹೇಗೆ ಹೋಗುತ್ತದೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ.

ಆದ್ದರಿಂದ ಬರುವ ಭಾನುವಾರ ಸರಿಯಾದ ತಂತಿ ತನ್ನಿ, ಬೈಯುವುದಿದ್ದರೆ ಬೈಯಿರಿ. ಮುಂದಿನ ಭಾಗವನ್ನು ಮಾತ್ರ ನೀವು ಬಾರಿಸಿ ತೋರಿಸಬೇಡಿ. ಎಷ್ಟು ತಡವಾದರೂ ಸರಿ, ನಾನು ಅದನ್ನು ಮೊದಲು ಅವಳ ಯುಕುಲೇಲೆಯಲ್ಲೇ ಕೇಳಬೇಕು.

ಯುವರ್ಸ್ ಒಬೀಡಿಯೆಂಟ್ಲಿ,
ಮಹಾಬಲ