ಬ್ಯಾಟರಿಯ ಸೀಲು ಮತ್ತು ನಮ್ಮತ್ತೆಯ ಅಡಕತ್ತರಿ

ಮಾನ್ಯ ವಿದ್ಯುತ್ ಅಧಿಕಾರಿಗಳೇ,

ನಮ್ಮ ಮನೆಯ ಬ್ಯಾಟರಿಗೆ ನಿಮ್ಮ ಕಚೇರಿ ಹಾಕಿದ್ದ ಸೀಲನ್ನು ಕತ್ತರಿಸಿದವಳು ನಾನೇ. ಏಕೆಂದು ಏಳು ದಿನದೊಳಗೆ ಲಿಖಿತವಾಗಿ ತಿಳಿಸಬೇಕೆಂದು ನೋಟಿಸು ಕಳಿಸಿದ್ದೀರಿ. ಇಗೋ, ತಿಳಿಸುತ್ತಿದ್ದೇನೆ. ನನ್ನ ಹಿಂದಿನ ನಾಲ್ಕು ಅರ್ಜಿಗಳು ನಿಮ್ಮಲ್ಲಿ ಸುಖನಿದ್ರೆಯಲ್ಲಿರುವುದರಿಂದ ಇದನ್ನು ಪತ್ರಿಕೆಗೂ ಕೊಟ್ಟಿದ್ದೇನೆ.

ಮೂರು ವರ್ಷದ ಹಿಂದೆ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದಾಗ ಯಾರೂ ಹೇಳದ ಸಂಗತಿಯೊಂದಿದೆ: ಲೈನಿನ ಕರೆಂಟ್ ಹೋದರೆ ಸೋಲಾರೂ ತಾನಾಗಿ ಬಂದ್ ಆಗುತ್ತದೆ. ನಡುಮಧ್ಯಾಹ್ನ, ನಮ್ಮ ಸೀಮೆಯ ಬಿಸಿಲು, ತಲೆಯ ಮೇಲೆ ಹತ್ತು ಪ್ಯಾನೆಲ್, ಕೆಳಗೆ ನಿಂತ ಫ್ಯಾನು! ಕಂಬ ಏರಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಈ ವ್ಯವಸ್ಥೆ. ಒಪ್ಪಿದೆ. ಆದರೆ ನಮ್ಮತ್ತೆ ಮುದಕಮ್ಮ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಮೂವತ್ತು ವರ್ಷ ತೌಡಿನ ಧೂಳು ಕುಡಿದವರು. ಈಗ ಆಕ್ಸಿಜನ್ ಮಷೀನಿಲ್ಲದೆ ಉಸಿರಾಡಲಾರರು. ಅದಕ್ಕೆಂದೇ ಬ್ಯಾಟರಿ ಸೇರಿಸಿದೆವು. ಕರೆಂಟ್ ಹೋದ ಕ್ಷಣ ಮನೆಯನ್ನು ಲೈನಿನಿಂದ ಬಿಡಿಸುವ ಸ್ವಿಚ್ಚನ್ನೂ ಹಾಕಿಸಿದೆವು.

ನಿಮ್ಮ ಇಂಜಿನಿಯರ್ ಬಂದರು. ಜೊತೆಗಿದ್ದ ಲೈನ್‌ಮನ್ ಆದೆಪ್ಪ ಎಲ್ಲವನ್ನೂ ತಿರುವಿ ಮುರುವಿ ನೋಡಿ, "ಛಲೋ ಐತ್ರಿ ಸಾಹೇಬ್ರ. ಕಂಬ ಏರಾಂವ ನಾನು, ನಾನ ಹೇಳಾಕತ್ತೀನಿ" ಎಂದ. ಏನು ಪ್ರಯೋಜನ? "ಮಂಜೂರಾದ ನಕ್ಷೆದಾಗ ಬ್ಯಾಟರಿ ಇಲ್ಲಲ್ಲ. ಪರೀಕ್ಷೆ ಆಗೂತನಕ ಮುಟ್ಟಬ್ಯಾಡ್ರಿ" ಎಂದು ಸಾಹೇಬರು ಸೀಲು ಹಾಕಿ ಹೋದರು. ಪರೀಕ್ಷೆಯನ್ನು ಕರೆಂಟ್ ಹೋದಾಗಲೇ ಮಾಡಬೇಕಂತೆ. ಕರೆಂಟ್ ಹೋದಾಗ ಫೋನ್ ಮಾಡಿದರೆ, "ಎಲ್ಲಾರೂ ಲೈನ್ ರಿಪೇರಿಗೆ ಹೋಗ್ಯಾರ್ರಿ, ಕರೆಂಟ್ ಬಂದ ಮ್ಯಾಲೆ ಬರ್ತಾರ." ಹಾಗೆಯೇ ಎರಡು ಸಲ ಬಂದರು. ಕರೆಂಟ್ ಇತ್ತು, ಪರೀಕ್ಷೆ ಆಗಲಿಲ್ಲ! ಮೇನ್ ಸ್ವಿಚ್ ಇಳಿಸಿ ನೋಡಿ ಎಂದರೆ, ನಾವಾಗಿ ತೆಗೆದದ್ದು ಕರೆಂಟ್ ಹೋದಂತಲ್ಲವಂತೆ. ಇಂಥ ಬುದ್ಧಿಯನ್ನು ತಮಗೆ ಯಾವ ಸಾಲಿಯಲ್ಲಿ ಕಲಿಸಿದರು?

ಹೋದ ಮಂಗಳವಾರ ಹನ್ನೊಂದಕ್ಕೆ ಕರೆಂಟ್ ಹೋಯಿತು. ಒಂದು ಗಂಟೆಗೆ ಮನೆಯಲ್ಲಿದ್ದ ಸಣ್ಣ ಸಿಲಿಂಡರೂ ಖಾಲಿ. ಅತ್ತೆಯ ತುಟಿ ನೀಲಿಗಟ್ಟಿತು. ಪಕ್ಕದಲ್ಲೇ ತುಂಬಿದ ಬ್ಯಾಟರಿ, ಅದರ ಮೇಲೆ ನಿಮ್ಮ ಸೀಲು. ಸೀಲಿನ ತಂತಿಯನ್ನು ಕೈಯಿಂದ ಎಳೆದೆ, ಹರಿಯಲಿಲ್ಲ. ಮಾತಾಡಲಾರದ ಅತ್ತೆ ತಮ್ಮ ಎಲೆಯಡಿಕೆಯ ಚೀಲವನ್ನು ನನ್ನತ್ತ ತಳ್ಳಿದರು. ಅದರಲ್ಲಿ ಅಡಕತ್ತರಿ ಇತ್ತು. ನೋಟಿಸಿನಲ್ಲಿರುವ "ಬಳಸಿದ ಸಾಧನ" ಎಂಬ ಕಾಲಮ್ಮಿಗೆ ಅದೇ ಉತ್ತರ. "ಸಹಕರಿಸಿದವರು" ಎಂಬಲ್ಲಿ ಮುದಕಮ್ಮ ಎಂದು ಬರೆದುಕೊಳ್ಳಿ. ಮಷೀನು ಶುರುವಾಯಿತು, ಅತ್ತೆಗೆ ಜೀವ ಬಂತು. ಆ ಹೊತ್ತಿಗೆ ನಮ್ಮ ಓಣಿಯ ಕಂಬದ ಮೇಲಿದ್ದವನು ಆದೆಪ್ಪನೇ. ಕೆಲಸ ಮುಗಿಸಿ ಇಳಿದು, ನಮ್ಮಲ್ಲೇ ಚಹಾ ಕುಡಿದು ಹೋದ. ಪರೀಕ್ಷೆ ಆಯಿತಲ್ಲ, ಸ್ವಾಮಿ?

ಮತ್ತೆ ಸೀಲು ಹಾಕುವುದೇ ಆದರೆ ನನ್ನದೊಂದು ಬೇಡಿಕೆ. ಕರೆಂಟ್ ಇಲ್ಲದ ಮಧ್ಯಾಹ್ನ ನೀವೇ ಖುದ್ದಾಗಿ ಬನ್ನಿ. ಒಪ್ಪಿಗೆ ಬರೆದುಕೊಡಿ, ಇಲ್ಲವೇ ಅತ್ತೆಯ ಎದುರಿಗೆ ಕೂತು ಸೀಲು ಹಾಕಿ. ಅವರಂತೂ ತಯಾರಿದ್ದಾರೆ: "ಬರ್ಲಿ ಬಿಡವಾ. ನನ್ನ ಮಾರಿ ನೋಡ್ಕೋಂತ ಮಷೀನ್ ಬಂದ್ ಮಾಡ್ಲಿ."

ಇಂತಿ,
ನಿಮ್ಮ ಕಚೇರಿಯೆದುರಿನ ಟೈಪಿಂಗ್ ಅಂಗಡಿಯಲ್ಲಿ ಹದಿನೈದು ವರ್ಷ ಊರವರ ಅರ್ಜಿ ತುಂಬಿಕೊಟ್ಟೂ, ಸೋಲಾರಿನ ಅರ್ಜಿಯಲ್ಲಿ ಬ್ಯಾಟರಿಗೊಂದು ಕಾಲಮ್ಮಿಲ್ಲವೆಂದು ಗಮನಿಸದೇ ಹೋದ
ಲಲಿತಾ ಗಾಳೇಶ